ಗೂಡಿನ ಮಕ್ಕಳು ಯಾವ ಶಾಲೆಯವರು?

ನಿರಾಶ್ರಿತ ಮಕ್ಕಳ ಶಾಲೆ ಎಂದೊಡನೆ ಕರ್ನಾಟಕದಲ್ಲಿ ನೆನಪಾಗುವುದು ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದವರಿಗೆ ಆಗಿನ ಮೈಸೂರು ರಾಜ್ಯ ಅಲ್ಲಿ ಜಮೀನು ಕೊಟ್ಟಿತು, ಶಾಲೆಗಳೂ ಎದ್ದವು. ಅಂಥ ನೆಲೆ ಕೋಲಾರ ಜಿಲ್ಲೆಯಲ್ಲಿಲ್ಲ. ಆದರೆ ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದ ಶೆಡ್ಡುಗಳಲ್ಲಿ ಹೊರರಾಜ್ಯಗಳಿಂದ ಬಂದ ಕುಟುಂಬಗಳಿವೆ. ಇವರು ಕಾನೂನಿನ ಕಣ್ಣಿಗೆ ನಿರಾಶ್ರಿತರಲ್ಲ, ಈ ದೇಶದ ಪ್ರಜೆಗಳೇ. ಅದಕ್ಕೇ ಇವರ ಮಕ್ಕಳಿಗೆ ನಾವು ತೋರಿಸುವ ದಯೆ ಸಾಲದು ಎನ್ನುತ್ತೇನೆ. ಸ್ವಯಂಸೇವಕರು ಆ ಶೆಡ್ಡುಗಳಲ್ಲಿ ಕಲಿಸಿದ ಅಕ್ಷರ, ಹಾಡು, ಹಂಚಿದ ಸ್ಲೇಟು ಎಲ್ಲವೂ ಒಳ್ಳೆಯದೇ. ಆದರೆ ಮಗುವಿನ ಹೆಸರು ಹತ್ತಿರದ ಸರ್ಕಾರಿ ಶಾಲೆಯ ಹಾಜರಿ ಪುಸ್ತಕಕ್ಕೆ ಏರದಿದ್ದರೆ ಆ ಸೇವೆ ಅರ್ಧದಲ್ಲೇ ನಿಂತ ಹಾಗೆ.

ಮಗು ಶಾಲೆ ತಪ್ಪಿಸಿಕೊಳ್ಳುವುದು ಅಪ್ಪ ಅಮ್ಮನ ಅಸಡ್ಡೆಯಿಂದಲ್ಲ. ಗೂಡಿನಲ್ಲಿ ಕೂಲಿ ಲೆಕ್ಕವಾಗುವುದು ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಮುಂಗಡ ಪಡೆದದ್ದು ಇಡೀ ಕುಟುಂಬ. ಹಸಿ ಇಟ್ಟಿಗೆ ಒಣಗಲು ಮಗ್ಗುಲು ಬದಲಿಸುವ ಪುಟ್ಟ ಕೈಗಳು ಆ ಲೆಕ್ಕದೊಳಗೆ ಸೇರಿಬಿಡುತ್ತವೆ. ಅದರ ಮೇಲೆ ಕಾಲದ ತೊಡಕು: ನಮ್ಮ ಶಾಲೆ ಜೂನ್‌ಗೆ ತೆರೆದರೆ, ಗೂಡಿನ ಕೆಲಸ ಮಳೆ ಮುಗಿದ ಮೇಲೆ ಶುರುವಾಗಿ ಮುಂದಿನ ಮುಂಗಾರಿನವರೆಗೆ. ಮಗು ಎರಡೂ ಊರಿನ ಶಾಲೆಯಿಂದ ಅರ್ಧರ್ಧ ವರ್ಷ ಜಾರುತ್ತದೆ. ಇದನ್ನು ತಡೆಯಲೆಂದೇ ವಲಸೆ ಮಕ್ಕಳಿದ್ದಲ್ಲೇ ನಡೆಯುವ ಟೆಂಟ್ ಶಾಲೆಗಳು ಬಂದದ್ದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ: ವಯಸ್ಸಿನ ದಾಖಲೆ ಇಲ್ಲವೆಂದು, ವರ್ಗಾವಣೆ ಪತ್ರ ತಡವಾಯಿತೆಂದು 6ರಿಂದ 14 ವರ್ಷದ ಮಗುವನ್ನು ಹಿಂದೆ ಕಳಿಸುವಂತಿಲ್ಲ; ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಶೆಡ್ಡಿನ ತಾಯಿಗೆ ಇದನ್ನು ಹೇಳುವವರು ಯಾರು? ಅಲ್ಲಿ ಬೇಕು ಸ್ವಯಂಸೇವಕ.

ಆರು ತಿಂಗಳಲ್ಲಿ ಹೊರಟುಹೋಗುವ ಮಗುವನ್ನು ಸೇರಿಸಿ ಏನು ಫಲ ಎನ್ನುವವರಿದ್ದಾರೆ. ಸೇರಿದ ಮಗು ಹೋಗುವಾಗ ದಾಖಲೆ ಒಯ್ಯುತ್ತದೆ. ಸೇರದ ಮಗು ಮುಂದಿನ ಊರಲ್ಲೂ ಮೊದಲಿನಿಂದ ಶುರುಮಾಡುತ್ತದೆ. ಸ್ವಯಂಸೇವಕರು ಹೋದಷ್ಟೂ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಶೆಡ್ಡಿನ ಪಾಠವೇ ಶಾಲೆಗೆ ಬದಲಿಯಾದರೆ ಹಾಗೆಯೇ ಆಗುತ್ತದೆ. ನಾನು ದಾಖಲಾತಿಯನ್ನೇ ಹಿಡಿದು ಮಾತಾಡುತ್ತಿರುವುದು ಅದಕ್ಕೆ.

ಇನ್ನು ಭಾಷೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವುದು ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಹೊಸತೇ? ಮಾಲೂರು ತಾಲ್ಲೂಕಿನವರೇ ಆದ ಕನ್ನಡದ ಕತೆಗಾರ ಮಾಸ್ತಿಯವರ ಮನೆಮಾತು ತಮಿಳು. ಮನೆಮಾತಿನಲ್ಲಿ ಅರ್ಥ ಹೇಳಿ ಕನ್ನಡದಲ್ಲಿ ಬರೆಸುವ ಕಸುಬು ಈ ಜಿಲ್ಲೆಯ ಮೇಷ್ಟ್ರುಗಳಿಗೆ ಬಂದಷ್ಟು ಬೇರೆಯವರಿಗೆ ಬಾರದು. ಗೂಡಿನ ಕೆಲವು ಮಕ್ಕಳ ಮನೆಮಾತಾದ ಒಡಿಯಾ ಬಲ್ಲವರು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ನಿಜ. ಗೂಡಿನಲ್ಲೇ ನಾಲ್ಕಕ್ಷರ ಕಲಿತ ಅಕ್ಕನೋ ಚಿಕ್ಕಮ್ಮನೋ ಇದ್ದರೆ ಅವರನ್ನು ಜೊತೆಗೆ ಕೂಡಿಸಿಕೊಳ್ಳಬೇಕು.

ಈ ಸಭೆಯಲ್ಲಿ ನಿವೃತ್ತ ಮೇಷ್ಟ್ರುಗಳಿದ್ದರೆ ನನ್ನ ಕೋರಿಕೆ ಇಷ್ಟೆ: ದಸರಾ ರಜೆ ಮುಗಿದೊಡನೆ ನಿಮ್ಮ ಹತ್ತಿರದ ಗೂಡಿಗೆ ಹೋಗಿ ಮಕ್ಕಳ ಪಟ್ಟಿ ಮಾಡಿ, ಆ ಪಟ್ಟಿಯನ್ನು ಊರ ಶಾಲೆಯ ಮುಖ್ಯ ಶಿಕ್ಷಕರ ಕೈಗೆ ಕೊಟ್ಟು ಬನ್ನಿ.