ಸವಳು ನೆಲ, ಉಪ್ಪು ತಾಳುವ ಭತ್ತ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ಐವತ್ತು ವರ್ಷಗಳ ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಇದೇ ಶಾಲೆಯಲ್ಲಿ ಜೀವಶಾಸ್ತ್ರದ ಮೊದಲ ಪಾಠ ಕಲಿತು, ಬೆಳೆಗಳ ತಳಿ ಅಭಿವೃದ್ಧಿಯ ಕೆಲಸಕ್ಕೆ ಹೋದ ನಾನು ನಮ್ಮ ಹೊಲದ ಮಾತನ್ನೇ ಆಡುತ್ತೇನೆ. ತುಂಗಭದ್ರಾ ಕಾಲುವೆಯ ಕೆಳಭಾಗದಲ್ಲಿರುವ ನಮಗೆ ಸವಳು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗುವ ಗದ್ದೆಗಳು ಕಣ್ಣೆದುರೇ ಇವೆ. "ಉಪ್ಪು ತಾಳುವ ಬೀಜ ಕೊಡ್ರಿ ಸಾಕು" ಎಂದು ರೈತರು ಕೇಳುತ್ತಾರೆ. ಆ ಬೀಜ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೇ ನನ್ನ ಇಂದಿನ ವಿಷಯ.

ಮೊದಲು ಉಪ್ಪು ಎಲ್ಲಿಂದ ಬಂತು ನೋಡೋಣ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿಯಿತು. ಈ ಭಾಗದ ಹೆಚ್ಚಿನ ಹೊಲಗಳಲ್ಲಿ ಜೋಳ, ಹತ್ತಿಯಂತಹ ಕಡಿಮೆ ನೀರಿನ ಬೆಳೆ ಬೆಳೆಯಬೇಕೆಂಬುದು ಆಗಿನ ಯೋಜನೆ. ಆದರೆ ಕೈಗೆ ನೀರು ಸಿಕ್ಕಾಗ ಎಲ್ಲರೂ ಭತ್ತ ನಾಟಿ ಮಾಡಿದೆವು. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರಿ ನೆಲ ಜವಳಾಯಿತು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಮಣ್ಣು ಉಪ್ಪುನೀರನ್ನು ಮೇಲಕ್ಕೆಳೆಯಿತು. ನೀರು ಆವಿಯಾಯಿತು, ಉಪ್ಪು ಉಳಿಯಿತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಉಪ್ಪಿನ ನಡುವೆ ನಿಂತ ಗಿಡಕ್ಕೆ ನೀರು ಕುಡಿಯುವುದೇ ಕಷ್ಟ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿಗೆ ಉಪ್ಪು ಹಾಕಿದರೆ ಹೋಳು ನೀರು ಬಿಡುತ್ತದಲ್ಲ, ಅದೇ ತತ್ವ ಇಲ್ಲಿಯೂ ಇದೆ. ಹೊರಗೆ ಉಪ್ಪು ಹೆಚ್ಚಾದಷ್ಟೂ ಬೇರಿಗೆ ನೀರೆಳೆಯುವುದು ಭಾರವಾಗುತ್ತದೆ. ಇದು ಮೊದಲನೆಯ ಪೆಟ್ಟು. ಎರಡನೆಯದು ನಿಧಾನವಾಗಿ ಬರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಎಲೆಗೆ ಸೇರಿ, ಪೊಟ್ಯಾಸಿಯಂ ಮಾಡಬೇಕಾದ ಕೆಲಸವನ್ನು ಕೆಡಿಸುತ್ತದೆ. ಹಳೆಯ ಎಲೆಗಳ ತುದಿ ಸುಟ್ಟಂತಾಗುವುದು ಇದರಿಂದಲೇ. ಭತ್ತಕ್ಕೆ ಎಳೆಯ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಈ ಪೆಟ್ಟು ಜೋರು.

ಉಪ್ಪು ತಾಳುವ ಗಿಡಗಳಿಗೆ ಮೂರು ಉಪಾಯಗಳಿವೆ. ಕೆಲವು ಬೇರಿನ ಬಾಗಿಲಲ್ಲೇ ಸೋಡಿಯಂ ತಡೆಯುತ್ತವೆ. ಕೆಲವು ಒಳಗೆ ಬಂದದ್ದನ್ನು ಜೀವಕೋಶದ ರಸದಾನಿಯೊಳಗೆ ತುಂಬಿ ಕೂಡಿಹಾಕುತ್ತವೆ. ಕಡಲತೀರದ ಕೆಲವು ಕಾಂಡ್ಲಾ ಮರಗಳಂತೂ ಎಲೆಯ ಮೇಲೆ ಉಪ್ಪನ್ನು ಬೆವರಿನಂತೆ ಹೊರಹಾಕುತ್ತವೆ. ನೋನಾ ಬೋಕ್ರಾ ಎಂಬ ಉಪ್ಪು ತಾಳುವ ಭತ್ತದಲ್ಲಿ ಈ ಕೆಲಸಕ್ಕೆ ನೆರವಾಗುವ ಒಂದು ಜೀನನ್ನು ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು. ಬೇರಿನಿಂದ ಮೇಲಕ್ಕೆ ಹರಿಯುವ ನೀರಿನಲ್ಲಿರುವ ಸೋಡಿಯಂ ಅನ್ನು ಅದು ದಾರಿಯಲ್ಲೇ ಹಿಂದಕ್ಕೆ ಎಳೆದುಕೊಂಡು, ಎಲೆಗೆ ಹೋಗದಂತೆ ಕಾಯುತ್ತದೆ. ಗೋಧಿಯಲ್ಲೂ ಇದೇ ಕುಟುಂಬದ ಜೀನ್ ಇದೆ. ಆಸ್ಟ್ರೇಲಿಯಾದಲ್ಲಿ ಹಳೆಯ ಗೋಧಿ ಜಾತಿಯೊಂದರಿಂದ ಅದನ್ನು ಸಾಮಾನ್ಯ ಸಂಕರಣದ ಮೂಲಕವೇ ಡ್ಯೂರಂ ಗೋಧಿಗೆ ತಂದಾಗ, ಸವಳು ಹೊಲದಲ್ಲಿ ಇಳುವರಿ ಶೇ. 25ರಷ್ಟು ಹೆಚ್ಚಿತೆಂದು 2012ರಲ್ಲಿ ಪ್ರಕಟವಾಯಿತು.

ಈ ಗುಣಗಳನ್ನು ಕಾಪಾಡಿಕೊಂಡು ಬಂದವರು ಮಾತ್ರ ರೈತರೇ. ನಮ್ಮದೇ ಉತ್ತರ ಕನ್ನಡದ ಕುಮಟಾದಲ್ಲಿ, ಅಘನಾಶಿನಿ ನದಿ ಕಡಲು ಸೇರುವಲ್ಲಿ, ಗಜನಿ ಗದ್ದೆಗಳಲ್ಲಿ 'ಕಗ್ಗ' ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ತಳಿ ಅದು. ಕೇರಳದ ಪೊಕ್ಕಾಳಿಯೂ ಅಂಥದ್ದೇ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಈ ಪೊಕ್ಕಾಳಿಯನ್ನು ಬೇರೊಂದು ತಳಿಯೊಡನೆ ಸಂಕರಿಸಿ, ಉಪ್ಪು ತಾಳುವ ಗುಣ ಒಂದನೆಯ ವರ್ಣತಂತುವಿನ ಯಾವ ಭಾಗದಲ್ಲಿದೆ ಎಂದು ಗುರುತು ಹಚ್ಚಿದರು. ಅದಕ್ಕೆ 'ಸಾಲ್ಟಾಲ್' ಎಂದು ಹೆಸರು.

ಹಾಗಾದರೆ ಪೊಕ್ಕಾಳಿಯನ್ನೇ ಬಿತ್ತಬಾರದೇ ಎಂದು ಕೇಳಬಹುದು. ಅದು ಎತ್ತರಕ್ಕೆ ಬೆಳೆದು ಬಾಗುತ್ತದೆ, ಇಳುವರಿ ಕಡಿಮೆ. ಆದ್ದರಿಂದ ಸಂಕರಿಸಿ, ಬಂದ ಪೈರನ್ನು ಮತ್ತೆ ಮತ್ತೆ ಒಳ್ಳೆಯ ತಳಿಯೊಡನೆಯೇ ಕೂಡಿಸಿ, ಬೇಕಾದ ಗುಣವೊಂದನ್ನು ಉಳಿಸಿಕೊಂಡು ಬೇಡದ್ದನ್ನು ಕಳೆಯಬೇಕು. ಸಾಲ್ಟಾಲ್ ಬಂದಿದೆಯೇ ಎಂದು ಈಗ ಸಸಿಯ ಎಲೆಯ ಚೂರಿನಿಂದಲೇ ತಿಳಿಯಬಹುದು. ಆದರೂ ಹೊಲದಲ್ಲಿ ಹಲವು ವರ್ಷ ಪರೀಕ್ಷೆ ತಪ್ಪದು. 1969ರಲ್ಲಿ ಆರಂಭವಾದ, ಹರಿಯಾಣದ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಹೀಗೆ ಹಲವು ತಳಿಗಳನ್ನು ಕೊಟ್ಟಿದೆ. ಸಿಎಸ್‌ಆರ್ 30 ಬಾಸ್ಮತಿ ಅವುಗಳಲ್ಲಿ ಒಂದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೀಜ ಉಪ್ಪನ್ನು ತಾಳುತ್ತದೆ, ಉಪ್ಪನ್ನು ತೆಗೆಯುವುದಿಲ್ಲ. ತಾಳುವ ಬೀಜ ಸಿಕ್ಕಿತೆಂದು ಮೊದಲಿನಂತೆಯೇ ನೀರು ನಿಲ್ಲಿಸುತ್ತ ಹೋದರೆ ನೆಲದ ಉಪ್ಪು ಏರುತ್ತಲೇ ಇರುತ್ತದೆ. ಒಂದು ದಿನ ಆ ಬೀಜವೂ ಸೋಲುತ್ತದೆ. ಮೇಲಿನ ಹೊಲದವರು ಹೆಚ್ಚಾಗಿ ಬಿಟ್ಟ ನೀರೇ ಕೆಳಗಿನ ಹೊಲದವರಿಗೆ ಸವಳಾಗಿ ಬರುತ್ತದೆ ಎಂಬುದನ್ನೂ ಮರೆಯಬಾರದು. ತಳಿ ನಮಗೆ ನಾಲ್ಕಾರು ವರ್ಷ ಉಸಿರಾಡಲು ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ಬಸಿಗಾಲುವೆ ತೋಡಬೇಕು. ಸಾಧ್ಯವಿದ್ದಲ್ಲಿ ನೆಲದಡಿ ರಂಧ್ರಗಳಿರುವ ಕೊಳವೆ ಹಾಕಿ ಉಪ್ಪುನೀರನ್ನು ಹೊರಗೆ ಕಳಿಸಬೇಕು. ಬಸಿಗಾಲುವೆ ಒಬ್ಬರ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಅಕ್ಕಪಕ್ಕದವರು ಕೂಡಿದರೆ ಮಾತ್ರ ನೀರು ಹಳ್ಳ ಸೇರುತ್ತದೆ.

ಇನ್ನೊಂದು ಕಿವಿಮಾತು. ಮಣ್ಣು ಪರೀಕ್ಷೆ ಮಾಡಿಸದೆ ಹಣ ಸುರಿಯಬೇಡಿ. ರಸಸಾರ, ಅಂದರೆ ಪಿಎಚ್, 8.5 ದಾಟಿ ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ ಜಿಪ್ಸಮ್ ಬೇಕು. ಬರೀ ಲವಣದ ಮಣ್ಣಿಗೆ ಬೇಕಾದದ್ದು ಸಿಹಿನೀರು ಮತ್ತು ಅದು ಬಸಿದುಹೋಗಲು ದಾರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ವಿಷಯ ಬಲ್ಲವರಿದ್ದಾರೆ, ಹೋಗಿ ಕೇಳಿ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ವರ್ಷ ನಿಮ್ಮ ವಿಜ್ಞಾನ ಸಂಘದಿಂದ ಊರಿನ ಯಾವ ಸರ್ವೆ ನಂಬರಿನಲ್ಲಿ ಸವಳಿದೆ, ಬಸಿಗಾಲುವೆ ಎಲ್ಲಿ ಹೂಳು ತುಂಬಿದೆ ಎಂದು ಒಂದು ನಕ್ಷೆ ಬರೆಯಿರಿ. ಅದನ್ನು ಗ್ರಾಮಸಭೆಯಲ್ಲಿ ಹಿರಿಯರ ಮುಂದಿಡಿ. ಪ್ರತಿ ವರ್ಷ ತಿದ್ದುತ್ತ ಹೋಗಿ. ನಕ್ಷೆಯಲ್ಲಿ ಬಿಳಿಯ ಭಾಗ ಕಡಿಮೆಯಾಗುತ್ತ ಬಂದರೆ, ಶಾಲೆ ಊರಿಗೆ ತೀರಿಸಿದ ಋಣ ಅದೇ.