ಮನೆಯ ಕೇಕಿಗೆ ಸಕ್ಕರೆ ಕಣಕದ ಅಲಂಕಾರ
(ಸಾಯಗಾಂವದಲ್ಲಿ ಗೃಹಿಣಿಯರ ಮುಂದೆ ಮಾಡಿದ ಭಾಷಣ)



ಹೋಳಿ ಹಬ್ಬಕ್ಕೆ ಮಕ್ಕಳ ಕೊರಳಿಗೆ ಸಕ್ಕರೆ ಸರ ಹಾಕುವ ಸೀಮೆ ನಮ್ಮದು. ಹುಟ್ಟುಹಬ್ಬದ ಕೇಕಿನ ಮೇಲೆ ಹೂವು, ಗೊಂಬೆ ಕೂಡಿಸಲು ಬಳಸುವ ಫಾಂಡೆಂಟ್ ಕೂಡ ಸಕ್ಕರೆಯ ಕಣಕವೇ.

ಇದರ ಎಷ್ಟೋ ವಿಧಾನಗಳಲ್ಲಿ ಜೆಲಟಿನ್ ಸೇರುತ್ತದೆ. ಅದು ಪ್ರಾಣಿಗಳ ತೊಗಲು, ಎಲುಬಿನಿಂದ ತೆಗೆದದ್ದು. ಶಾಕಾಹಾರಿಗಳು ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಯೇ ಕೊಳ್ಳಬೇಕು. ಮನೆಯಲ್ಲಿ ಮಾಡುವುದಾದರೆ ಕಡಲ ಪಾಚಿಯಿಂದ ಬರುವ ಚೈನಾ ಗ್ರಾಸ್ ಸಾಕು. ಅದರ ಪುಡಿ ಒಂದು ಸಣ್ಣ ಚಮಚ, ನೀರು 4 ದೊಡ್ಡ ಚಮಚ. ಪೂರ್ತಿ ಕರಗುವವರೆಗೆ ಕುದಿಸಿರಿ. 5 ದೊಡ್ಡ ಚಮಚ ದ್ರವ ಗ್ಲೂಕೋಸ್, ಒಂದು ಚಮಚ ಬೆಣ್ಣೆ ಕೂಡಿಸಿ ಇಳಿಸಿರಿ. ಬಿಸಿಯಿರುವಾಗಲೇ ಜರಡಿ ಹಿಡಿದ ಐಸಿಂಗ್ ಸಕ್ಕರೆಯನ್ನು, ಸುಮಾರು ಅರ್ಧ ಕಿಲೋ, ಸ್ವಲ್ಪಸ್ವಲ್ಪವಾಗಿ ಹಾಕಿ ನಾದಿರಿ. ಮೆತ್ತಗಿರಬೇಕು, ಕೈಗೆ ಅಂಟಬಾರದು. ಗಾಳಿಗೆ ಬಿಟ್ಟರೆ ಬಿರಿಯುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿರಿ. ಫ್ರಿಜ್ಜಿನಲ್ಲಿಟ್ಟ ಗೊಂಬೆ ಹೊರಗೆ ತಂದಾಗ ಬೆವರಿ ಬಣ್ಣ ಬಿಡುತ್ತದೆ.

ಬಣ್ಣದ ವಿಷಯದಲ್ಲಿ ಮಾತ್ರ ಸಡಿಲು ಬೇಡ. ಗುಲಾಬಿ ಬಣ್ಣ ಕೊಡುವ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಆಹಾರದ್ದಲ್ಲ. ಮಾರಾಟದ ತಿನಿಸುಗಳಲ್ಲಿ ಅದು ಸಿಕ್ಕ ಮೇಲೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ಕೃತಕ ಬಣ್ಣದ ಗೋಬಿ ಮಂಚೂರಿಯನ್ನೂ ನಿಷೇಧಿಸಿತು. ಸಂತೆಯಲ್ಲಿ ಚೀಟಿಯಿಲ್ಲದೆ ಮಾರುವ ಬಣ್ಣ ಎಷ್ಟು ಅಗ್ಗವಾದರೂ ಮುಟ್ಟಬೇಡಿರಿ. ಹಳದಿಗೆ ಚಿಟಿಕೆ ಅರಿಸಿನ, ಕೆಂಪಿಗೆ ಬೀಟ್‌ರೂಟ್ ರಸ. ರಸವನ್ನು ಸಣ್ಣ ಉರಿಯಲ್ಲಿ ಗಟ್ಟಿ ಮಾಡಿ ಹಾಕಿರಿ, ಇಲ್ಲವಾದರೆ ಕಣಕ ನೀರಾಗುತ್ತದೆ.

ಇಡೀ ಕೇಕಿಗೆ ಇದನ್ನು ಹೊದಿಸುವುದು ನನಗೆ ಒಪ್ಪಿಗೆಯಿಲ್ಲ; ಮಕ್ಕಳ ಹೊಟ್ಟೆಗೆ ಅಷ್ಟು ಸಕ್ಕರೆ ಏಕೆ? ಮೇಲೆ ಎರಡು ಹೂವು ಸಾಕು. ಕಾರಹುಣ್ಣಿಮೆಗೆ ಜೋಳದ ಬಿಸ್ಕತ್ತಿನ ಮೇಲೆ ಒಂದೊಂದು ಪುಟ್ಟ ಎತ್ತು ಕೂಡಿಸಿ ನೋಡಿರಿ.