ಮನೆಯ ಮುಂದಿನ ಬೀದಿ

ವಾಹನ ಸಂಚಾರದ ಕಷ್ಟವೆಂದೊಡನೆ ಪಟ್ಟಣವಾಸಿಗಳಾದ ನಮ್ಮ ಕಣ್ಣಮುಂದೆ ಬರುವುದು ಹೆದ್ದಾರಿಗಳೂ ದೊಡ್ಡ ವೃತ್ತಗಳೂ. ಅವುಗಳನ್ನು ಕುರಿತು ವೃತ್ತಪತ್ರಿಕೆಗಳು ಬರೆಯುತ್ತವೆ, ಇಂಜಿನಿಯರುಗಳು ಯೋಚಿಸುತ್ತಾರೆ, ಸರ್ಕಾರವು ಸೇತುವೆ ಸುರಂಗಗಳ ಯೋಜನೆಗಳನ್ನು ಹೂಡುತ್ತದೆ. ಈ ಹೊತ್ತು ನಾವು ಎತ್ತಿಕೊಂಡಿರುವ ವಿಷಯ ಅದಕ್ಕಿಂತ ಚಿಕ್ಕದು, ಆದರೆ ಮನೆಗೆ ಹೆಚ್ಚು ಹತ್ತಿರವಾದುದು. ಬಡಾವಣೆಗಳ ಒಳಗಿನ ಅಡ್ಡರಸ್ತೆಗಳಲ್ಲಿ, ಎಂದರೆ ಬಾಗಿಲು ತೆರೆದರೆ ಎದುರಾಗುವ ಬೀದಿಗಳಲ್ಲಿ, ಗಾಡಿಗಳಿಂದ ಒದಗಿರುವ ತೊಂದರೆಯೇ ಆ ವಿಷಯ.

ಬೆಂಗಳೂರಿನ ಯಾವ ಬಡಾವಣೆಯ ನಿವಾಸಿಗಳನ್ನು ವಿಚಾರಿಸಿದರೂ ಎರಡು ದೂರುಗಳು ಕೇಳಿಬರುತ್ತವೆ. ಒಂದು, ಕಾರು ನಿಲ್ಲಿಸಲು ಸ್ಥಳವಿಲ್ಲವೆಂಬುದು. ಇನ್ನೊಂದು, ಮನೆಯ ಮುಂದೆಯೇ ಗಾಡಿಗಳು ವೇಗವಾಗಿ ಓಡುವುದರಿಂದ ಮಕ್ಕಳನ್ನೂ ಮುದುಕರನ್ನೂ ಹೊರಗೆ ಕಳುಹಿಸಲು ಭಯವೆಂಬುದು. ಮೊದಲನೆಯದನ್ನು ಸ್ಥಳದ ಅಭಾವವೆಂದೂ ಎರಡನೆಯದನ್ನು ಚಾಲಕರ ದುರ್ನಡತೆಯೆಂದೂ ಎಣಿಸುವುದು ವಾಡಿಕೆ. ಇವೆರಡೂ ಒಂದೇ ರೋಗದ ಎರಡು ಲಕ್ಷಣಗಳೆಂಬುದು ನಮ್ಮ ಅಭಿಪ್ರಾಯ. ನಿಂತ ಗಾಡಿಯು ನಡೆಯುವವನನ್ನು ಓಡುವ ಗಾಡಿಯ ಎದುರಿಗೆ ನೂಕುತ್ತದೆ. ಆದುದರಿಂದ ಒಂದನ್ನು ಬಿಟ್ಟು ಮತ್ತೊಂದಕ್ಕೆ ಮದ್ದು ಹುಡುಕಿದರೆ ಫಲ ದೊರೆಯದು.

ನಮ್ಮ ಭಾಷೆಯಲ್ಲಿ ‘ಬೀದಿ’ ಎಂಬ ಮಾತೂ ಉಂಟು, ‘ರಸ್ತೆ’ ಎಂಬ ಮಾತೂ ಉಂಟು. ಬೀದಿಯು ಸಂಸ್ಕೃತದ ‘ವೀಥಿ’ಯ ತದ್ಭವ, ರಸ್ತೆಯು ಪಾರಸಿಯಿಂದ ಬಂದುದು. ಮೂಲ ಹೇಗಾದರೂ ಇರಲಿ, ಬಳಕೆಯಲ್ಲಿ ಇವುಗಳಿಗೆ ಬೇರೆಬೇರೆ ಸ್ವಾರಸ್ಯವಿದೆ. ರಸ್ತೆಯು ಎಲ್ಲಿಗೋ ಹೋಗುವುದಕ್ಕಾಗಿ ಇರುವುದು. ಬೀದಿಯಾದರೋ ಹೋಗುವುದಕ್ಕೆ ಮಾತ್ರವಲ್ಲದೆ ಇರುವುದಕ್ಕೂ ಆದುದು. ರಂಗೋಲಿ ಹಾಕುವುದು, ತರಕಾರಿಯವಳನ್ನು ನಿಲ್ಲಿಸಿ ಚೌಕಾಸಿ ಮಾಡುವುದು, ಸಂಜೆಯ ಹೊತ್ತು ನೆರೆಯವರೊಡನೆ ನಾಲ್ಕು ಮಾತಾಡುವುದು, ಹುಡುಗರು ಚೆಂಡಾಡುವುದು, ಇವೆಲ್ಲ ಬೀದಿಯ ಕೆಲಸಗಳು. ತೇರು ಎಳೆಯುವುದಕ್ಕೆ ರಥಬೀದಿಯೇ ಹೊರತು ರಥರಸ್ತೆಯಿಲ್ಲ. ಇಂದಿಗೂ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆದಾಗ ಬುಲ್ ಟೆಂಪಲ್ ರಸ್ತೆಯು ಮತ್ತೆ ಬೀದಿಯಾಗುತ್ತದೆ. ನಮ್ಮ ಅಡ್ಡರಸ್ತೆಗಳೆಲ್ಲ ಬೀದಿಗಳಾಗಿ ಹುಟ್ಟಿದವು. ಅವು ಈಗ ಅರ್ಧ ರಸ್ತೆ, ಅರ್ಧ ಗಾಡಿಖಾನೆಯಾಗಿ ಮಾರ್ಪಟ್ಟಿವೆ.

ಈ ಮಾರ್ಪಾಟು ಹೇಗಾಯಿತೆಂಬುದನ್ನು ಸ್ವಲ್ಪ ನೋಡೋಣ. ಮಲ್ಲೇಶ್ವರ, ಬಸವನಗುಡಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ರೂಪುಗೊಂಡ ಬಡಾವಣೆಗಳು. 1898ರಲ್ಲಿ ಬಂದ ಪ್ಲೇಗಿನ ಬಳಿಕ, ಇಕ್ಕಟ್ಟಾದ ಹಳೆಯ ಪೇಟೆಯನ್ನು ಬಿಟ್ಟು ಗಾಳಿ ಬೆಳಕುಗಳುಳ್ಳ ಸ್ಥಳಕ್ಕೆ ಜನರು ಹೋಗಬೇಕೆಂಬ ಆಶಯವು ಅವುಗಳ ಬೆಳವಣಿಗೆಗೆ ಬಲ ಕೊಟ್ಟಿತು. ನೇರವಾದ ಬೀದಿಗಳು, ಬದಿಯಲ್ಲಿ ಮರಗಳು, ಮನೆಗಳ ಹಿಂದೆ ನೈರ್ಮಲ್ಯದ ಕೆಲಸಕ್ಕಾಗಿ ಬಿಟ್ಟ ಹಿಂಗಲ್ಲಿಗಳು, ಇವೆಲ್ಲ ಆರೋಗ್ಯದ ದೃಷ್ಟಿಯಿಂದ ಏರ್ಪಟ್ಟವು. ಆ ನಕ್ಷೆಗಳನ್ನು ಬರೆದವರ ಎಣಿಕೆಯಲ್ಲಿ ಒಂದು ನಿವೇಶನಕ್ಕೆ ಒಂದು ಮನೆ, ಒಂದು ಸಂಸಾರ. ಜಟಕಾ ಬಂಡಿ ಬರುತ್ತಿತ್ತು, ಹೋಗುತ್ತಿತ್ತು. ರಾತ್ರಿಯೆಲ್ಲ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಈಗ ಅದೇ ನಿವೇಶನದಲ್ಲಿ ನಾಲ್ಕು ಅಂತಸ್ತು, ಆರು ಸಂಸಾರ. 2023ರ ಹೊತ್ತಿಗೆ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತ್ತು. ಬೀದಿಯ ಅಗಲ ಮಾತ್ರ ಒಂದಂಗುಲವೂ ಹೆಚ್ಚಿಲ್ಲ.

ಅಗಲದ ಮಾತು ಬಂದುದರಿಂದ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಹೊಸ ಬಡಾವಣೆಗಳಲ್ಲಿ 30 ಅಡಿಯ ರಸ್ತೆಯೆಂಬುದು ಸಾಮಾನ್ಯ. ಎರಡು ಕಡೆಯ ಚರಂಡಿಗೂ ಕಾಲುದಾರಿಗೂ ಐದೈದು ಅಡಿಯನ್ನು ಕಳೆದರೆ ಉಳಿಯುವುದು 20 ಅಡಿ. ಕಾರಿನ ಅಗಲ ಸುಮಾರು 6 ಅಡಿ. ಎರಡು ಬದಿಯಲ್ಲಿಯೂ ಕಾರುಗಳು ನಿಂತರೆ ನಡುವೆ ಉಳಿಯುವುದು 8 ಅಡಿ. ಅಗ್ನಿಶಾಮಕ ದಳದ ಬಂಡಿಗೆ ಹೆಚ್ಚು ಕಡಿಮೆ ಅಷ್ಟೇ ಅಗಲವಿರುತ್ತದೆ. ಒಂದು ಕಾರು ಅರ್ಧ ಅಡಿ ಹೊರಗೆ ಚಾಚಿಕೊಂಡಿದ್ದರೂ ಸಾಕು, ಬೆಂಕಿ ಬಿದ್ದ ರಾತ್ರಿ ಆ ಬಂಡಿಯು ತಿರುವಿನಲ್ಲಿಯೇ ನಿಲ್ಲಬೇಕಾಗುತ್ತದೆ. ಇದನ್ನು ತಪ್ಪಿಸಲೆಂದು ಕಾರಿನ ಎರಡು ಚಕ್ರಗಳನ್ನು ಕಾಲುದಾರಿಯ ಮೇಲೆ ಹತ್ತಿಸುವವರುಂಟು. ಆಗ ಗಾಡಿಗಳಿಗೆ ದಾರಿಯಾಯಿತು, ನಡೆಯುವವರಿಗೆ ಇಲ್ಲವಾಯಿತು. ಕೋಲೂರಿ ಬರುವ ವೃದ್ಧರು, ಚೀಲ ಹೊತ್ತ ಬಾಲಕರು, ಮನೆಗೆಲಸಕ್ಕೆ ಬರುವ ಹೆಂಗಸರು, ಎಲ್ಲರೂ ಆ 8 ಅಡಿಯ ನಡುದಾರಿಗೇ ಇಳಿಯಬೇಕು.

ಇನ್ನು ಓಡುವ ಗಾಡಿಯ ಲೆಕ್ಕ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿನಲ್ಲಿ 27 ಅಡಿ ಮುಂದೆ ಸಾಗುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬರುವುದಕ್ಕೆ ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಬ್ರೇಕು ಒತ್ತಿದ ಮೇಲೆ, ಒಣ ರಸ್ತೆಯಲ್ಲಿ, ಇನ್ನು 16 ಅಡಿ ಹೋಗಿ ಕಾರು ನಿಲ್ಲುತ್ತದೆ. ಒಟ್ಟು 43 ಅಡಿಯಾಯಿತು. ಅದೇ ಕಾರು 50 ಕಿಲೋಮೀಟರು ವೇಗದಲ್ಲಿದ್ದರೆ ಮೊದಲಿನ ಒಂದು ಸೆಕೆಂಡಿನಲ್ಲಿಯೇ 45 ಅಡಿಯನ್ನು ದಾಟಿರುತ್ತದೆ. ನಿಂತ ಎರಡು ಕಾರುಗಳ ಸಂದಿನಿಂದ ಚೆಂಡಿನ ಹಿಂದೆ ಮಗುವೊಂದು 45 ಅಡಿ ದೂರದಲ್ಲಿ ಓಡಿಬಂದಿತೆಂದು ಭಾವಿಸಿರಿ. ಮೊದಲನೆಯ ಕಾರು ಮಗುವಿನ ಮುಂದೆ ನಿಲ್ಲುತ್ತದೆ. ಎರಡನೆಯ ಕಾರು ಬ್ರೇಕು ಹಿಡಿಯುವುದಕ್ಕೆ ಮೊದಲೇ, ತನ್ನ ಪೂರ್ಣವೇಗದಲ್ಲಿಯೇ, ಮಗುವನ್ನು ತಲುಪುತ್ತದೆ. ಚಾಲಕನು ದುಷ್ಟನಾಗಿರಬೇಕಾದುದಿಲ್ಲ, ಕುಡಿದಿರಬೇಕಾದುದೂ ಇಲ್ಲ. ಅವನಿಗೆ ಮಗು ಕಾಣುವುದಿಲ್ಲ. ಮಗುವಿಗೆ ಅವನು ಕಾಣುವುದಿಲ್ಲ. ನಡುವೆ ತೆರೆಯಂತೆ ನಿಂತಿರುವುದು ಯಾರದೋ ಕಾರು. ಭಾರತದಲ್ಲಿ 2022ನೆಯ ವರ್ಷವೊಂದರಲ್ಲಿಯೇ ರಸ್ತೆಯ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇವರೆಲ್ಲರೂ ಬಡಾವಣೆಯ ಬೀದಿಗಳಲ್ಲಿ ಮಡಿದವರಲ್ಲ, ನಿಜ. ಆದರೆ ಬೀದಿಗೆ ಇಳಿಯುವ ಮೊದಲು ನಮ್ಮ ತಾಯಂದಿರು ಮಕ್ಕಳ ಕೈಯನ್ನು ಏಕೆ ಬಿಗಿಯಾಗಿ ಹಿಡಿಯುತ್ತಾರೆಂಬುದು ಈ ಸಂಖ್ಯೆಗಳಿಂದ ತಿಳಿಯುತ್ತದೆ.

ಇದಕ್ಕೆ ಕಾನೂನಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 122ನೆಯ ಕಲಮು, ಅಪಾಯವೋ ಅಡಚಣೆಯೋ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಕೂಡದೆನ್ನುತ್ತದೆ. 112ನೆಯ ಕಲಮಿನ ಮೇರೆಗೆ, ಜನರ ಕ್ಷೇಮಕ್ಕಾಗಿ ಬೇಕಾದ ಕಡೆ ವೇಗದ ಮಿತಿಯನ್ನು ತಗ್ಗಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. 1989ರ ರಸ್ತೆ ನಿಯಮಗಳು ತಿರುವಿನ ಬಳಿ, ಕಾಲುದಾರಿಯ ಮೇಲೆ, ಶಾಲೆ ಆಸ್ಪತ್ರೆಗಳ ಬಾಗಿಲಿನಲ್ಲಿ ಗಾಡಿ ನಿಲ್ಲಿಸುವುದನ್ನು ನಿಷೇಧಿಸಿದುವು. ನಿಂತ ಗಾಡಿಯ ಎದುರಿಗೆ ಮತ್ತೊಂದು ಗಾಡಿ ನಿಲ್ಲಿಸುವುದನ್ನೂ ಆಗಲೇ ನಿಷೇಧಿಸಿದ್ದುವು. 2017ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದುವು. ಕೊರತೆಯಾದುದು ಕಾನೂನಿನಲ್ಲಲ್ಲ. ಮನೆಯ ಮುಂದಿನ ನೆಲ ಯಾರದೆಂಬ ವಿಷಯದಲ್ಲಿ ನಮ್ಮ ಸಮಾಜವು ಇನ್ನೂ ಒಂದು ನಿಶ್ಚಯಕ್ಕೆ ಬಂದಿಲ್ಲ, ತೊಡಕು ಅಲ್ಲಿದೆ.

ಆ ಅನಿಶ್ಚಯದ ಗುರುತುಗಳು ಯಾವ ಬೀದಿಯಲ್ಲಿಯೂ ಕಾಣುತ್ತವೆ. ಗೇಟಿನ ಮುಂದೆ ಎರಡು ಕಲ್ಲು, ಸಿಮೆಂಟು ತುಂಬಿದ ಡಬ್ಬ, ಹೂಕುಂಡಗಳ ಸಾಲು, ‘ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬ ಹಲಗೆ. ಮನೆಯ ಯಜಮಾನರ ಕಾರು ಹೊರಗೆ ಹೋಗಿದ್ದರೂ ಕಲ್ಲು ಕಾವಲಿರುತ್ತದೆ. ಕಟ್ಟಡದ ನಕ್ಷೆಯಲ್ಲಿ ಗಾಡಿಗೆಂದು ತೋರಿಸಿದ ನೆಲಮಾಳಿಗೆಯು ಅಂಗಡಿಯೋ ಬಾಡಿಗೆ ಕೊಠಡಿಯೋ ಆಗಿ, ಗಾಡಿಯು ಬೀದಿಗೆ ಬಂದಿರುತ್ತದೆ. ವೇಗವನ್ನು ತಡೆಯಲೆಂದು ನಿವಾಸಿಗಳೇ ಜಲ್ಲಿ ಸಿಮೆಂಟು ಸುರಿದು ರಾತ್ರೋರಾತ್ರಿ ದಿಣ್ಣೆ ಎಬ್ಬಿಸುವುದೂ ಉಂಟು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗದರ್ಶನದಂತೆ ರಸ್ತೆಯುಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರವಿದ್ದು, 25 ಕಿಲೋಮೀಟರು ವೇಗದಲ್ಲಿ ಸುಖವಾಗಿ ದಾಟುವಂತಿರಬೇಕು. ಒಂದಡಿ ಅಗಲದ ಚೂಪು ದಿಣ್ಣೆಯು ಇರುಳಿನಲ್ಲಿ ದ್ವಿಚಕ್ರ ಸವಾರನನ್ನು ಕೆಡಹುತ್ತದೆ. ಅಂಬುಲೆನ್ಸಿನಲ್ಲಿ ಮಲಗಿದ ರೋಗಿಗೆ ಏಟು ಕೊಡುತ್ತದೆ. ಇವೆಲ್ಲ ದುರುದ್ದೇಶದಿಂದ ಆಗುವ ಕೆಲಸಗಳಲ್ಲ. ಭಯದಿಂದಲೂ ಬೇಸರದಿಂದಲೂ ಆಗುವಂಥವು. ಆದರೆ ಪ್ರತಿಯೊಬ್ಬರೂ ತಮ್ಮ ಗೇಟಿನ ಅಗಲದಷ್ಟು ಬೀದಿಯನ್ನು ಕಾಯ್ದುಕೊಂಡರೆ ಬೀದಿಯನ್ನು ಕಾಯುವವರು ಯಾರೂ ಉಳಿಯುವುದಿಲ್ಲ.

ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ನಮಗಿಂತ ಮೊದಲೇ ಕಾರುಗಳನ್ನು ಕಂಡ ದೇಶಗಳು ಇದನ್ನು ಮೊದಲೇ ಅನುಭವಿಸಿದುವು. ಹಾಲೆಂಡಿನಲ್ಲಿ 1971ರಲ್ಲಿ ರಸ್ತೆಯ ಅಪಘಾತಗಳಿಂದ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಿಕೋದ್ಯೋಗಿಯೊಬ್ಬರು 1972ರಲ್ಲಿ ಬರೆದ ಲೇಖನದಿಂದ, ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂಬ ಹೆಸರಿನ ಚಳವಳಿಯೇ ಹುಟ್ಟಿತು. ಅದೇ ಕಾಲದಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ ‘ವೋನೆರ್ಫ್’, ಎಂದರೆ ವಾಸದ ಅಂಗಳ, ಎಂಬ ಏರ್ಪಾಡು ರೂಪುಗೊಂಡು 1976ರಲ್ಲಿ ಕಾನೂನಿನ ಮನ್ನಣೆ ಪಡೆಯಿತು. ಆ ಬೀದಿಯಲ್ಲಿ ಪೂರ್ಣ ಅಗಲವೂ ನಡೆಯುವವರದು; ಮಕ್ಕಳು ಆಡಬಹುದು; ಗಾಡಿಯು ನಡಿಗೆಯ ವೇಗದಲ್ಲಿ ಬರಬೇಕು; ಗುರುತು ಮಾಡಿದ ಸ್ಥಳದಲ್ಲಲ್ಲದೆ ನಿಲ್ಲುವಂತಿಲ್ಲ. 2019ರಲ್ಲಿ ಆ ದೇಶದಲ್ಲಿ ರಸ್ತೆಯ ಮೇಲೆ ಸತ್ತವರು 661 ಮಂದಿ. ಇದು ಆ ಅಂಗಳಗಳೊಂದರಿಂದಲೇ ಆದುದೆಂದು ಯಾರೂ ಹೇಳಲಾರರು. ಆದರೆ ಬೀದಿ ಯಾರದೆಂಬ ಪ್ರಶ್ನೆಗೆ ಆ ಜನರು ಉತ್ತರ ಕೊಟ್ಟುಕೊಂಡರೆಂಬುದು ನಿಶ್ಚಯ. ಜಪಾನಿನವರ ಉತ್ತರ ಇನ್ನೊಂದು ಬಗೆಯದು. ಕಾರು ಕೊಳ್ಳುವವನು ಬೀದಿಯ ಹೊರಗೆ ಅದಕ್ಕೊಂದು ಸ್ಥಳವಿದೆಯೆಂದು ತೋರಿಸಬೇಕೆಂದು ಅಲ್ಲಿ 1962ರಲ್ಲಿಯೇ ಕಾನೂನಾಯಿತು. ನಮಗಿಂತ ಕಿರಿದಾದ ಬೀದಿಗಳುಳ್ಳ ಟೋಕಿಯೋ ನಗರದಲ್ಲಿ ಚಿಕ್ಕ ಮಕ್ಕಳು ಒಬ್ಬೊಬ್ಬರೇ ಶಾಲೆಗೆ ನಡೆದು ಹೋಗುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ನಮ್ಮಲ್ಲಿಯೂ ಆಲೋಚನೆ ನಡೆಯದೆ ಇಲ್ಲ. 2021ರಲ್ಲಿ ಕರ್ನಾಟಕ ಸರ್ಕಾರವು ಒಪ್ಪಿದ ಬೆಂಗಳೂರಿನ ವಾಹನ ನಿಲುಗಡೆಯ ನೀತಿಯಲ್ಲಿ, ವಾಸದ ಬೀದಿಗಳಲ್ಲಿ ಕಾರು ನಿಲ್ಲಿಸುವುದಕ್ಕೆ ವರ್ಷಕ್ಕೆ 1,000ದಿಂದ 5,000 ರೂಪಾಯಿವರೆಗೆ ಶುಲ್ಕ ಕೊಟ್ಟು ಪರವಾನಗಿ ಪಡೆಯುವ ಸೂಚನೆಯುಂಟು. ಇದನ್ನು ಕೇಳಿ ಹಲವರು ಅಸಮಾಧಾನಗೊಂಡರು. ರಸ್ತೆ ತೆರಿಗೆಯನ್ನು ಕೊಟ್ಟಿದ್ದೇವಲ್ಲ, ಮತ್ತೇಕೆ ಹಣ ಎಂಬುದು ಅವರ ವಾದ. ತೆರಿಗೆಯು ಬೀದಿಯಲ್ಲಿ ಓಡಾಡುವುದಕ್ಕೆ. ಬೀದಿಯನ್ನು ಕೊಟ್ಟಿಗೆ ಮಾಡಿಕೊಳ್ಳುವುದಕ್ಕಲ್ಲ. ಕಾರೊಂದು ನಿಂತಿರುವ ಜಾಗ ನೂರು ಚದರ ಅಡಿಗೆ ಕಡಿಮೆಯಿಲ್ಲ. ಅಷ್ಟು ಜಾಗದಲ್ಲಿ ಸೊಪ್ಪಿನ ಗಾಡಿಯನ್ನಿಟ್ಟ ಬಡವಿಯನ್ನು ಎಬ್ಬಿಸುತ್ತೇವೆ, ಕಾರನ್ನು ಎಬ್ಬಿಸುವುದಿಲ್ಲ. ಇದರಲ್ಲಿ ನ್ಯಾಯವೆಲ್ಲಿದೆ? ಆದರೆ ಇನ್ನೊಂದು ಪಕ್ಷವನ್ನೂ ಮರೆಯಬಾರದು. ಹಳೆಯ ಕಾಲದ ಸಣ್ಣ ಮನೆ, ಒಳಗೆ ಒಂದು ಸ್ಕೂಟರಿಗೂ ಎಡೆಯಿಲ್ಲ, ಹಾಸಿಗೆ ಹಿಡಿದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ಬೇಕು; ಇಂಥ ಸಂಸಾರಗಳು ಎಷ್ಟೋ ಇವೆ. ಅಂಥವರಿಗೆ ಅವಕಾಶ ಕೊಟ್ಟು, ಮೂರನೆಯ ಕಾರಿಗೆ ಹೆಚ್ಚು ಬೆಲೆ ವಿಧಿಸುವುದು ವಿವೇಕ.

ಹಾಗಾದರೆ ಒಂದು ಬೀದಿಯ ಜನರು ಸೇರಿ ಮಾಡಬಹುದಾದುದೇನು? ಮೊದಲನೆಯದಾಗಿ, ಗಾಡಿಗಳನ್ನು ಒಂದೇ ಬದಿಯಲ್ಲಿ ನಿಲ್ಲಿಸುವ ಒಪ್ಪಂದ. ಬೇಕಾದರೆ ತಿಂಗಳಿಗೊಮ್ಮೆ ಬದಿ ಬದಲಾಯಿಸಬಹುದು. ಇದರಿಂದ 8 ಅಡಿಯ ದಾರಿ 14 ಅಡಿಯಾಗುತ್ತದೆ. ಎರಡನೆಯದಾಗಿ, ಬೀದಿ ಕೂಡುವ ಮೂಲೆಗಳನ್ನು ತೆರವಾಗಿಡುವುದು. ತಿರುಗುವವನಿಗೆ ನಡೆಯುವವನು ಕಾಣಬೇಕು. ಮೂರನೆಯದಾಗಿ, ಕಾಲುದಾರಿಯ ಮೇಲೆ ಚಕ್ರ ಹತ್ತಿಸದಿರುವುದು ಮತ್ತು ಗೇಟಿನ ಇಳಿಜಾರನ್ನು ಅಲ್ಲಿಗೆ ಚಾಚದಿರುವುದು. ನಾಲ್ಕನೆಯದಾಗಿ, ಕಲ್ಲು ದಿಣ್ಣೆಗಳನ್ನು ತೆಗೆದುಹಾಕಿ, ಅಳತೆಯಂತೆ ರಸ್ತೆಯುಬ್ಬನ್ನೂ 30 ಕಿಲೋಮೀಟರಿನ ಫಲಕವನ್ನೂ ಹಾಕಬೇಕೆಂದು ನಗರಪಾಲಿಕೆಗೂ ಸಂಚಾರದ ಪೊಲೀಸರಿಗೂ ಎಲ್ಲರೂ ಸಹಿ ಮಾಡಿದ ಒಂದೇ ಅರ್ಜಿ ಕೊಡುವುದು. ಇಪ್ಪತ್ತು ಮನೆಗಳಿಂದ ಇಪ್ಪತ್ತು ದೂರುಗಳು ಹೋದರೆ ನೆರೆಹೊರೆಯ ಜಗಳವೆಂದು ಕಡತ ಸೇರುತ್ತವೆ. ಇಪ್ಪತ್ತು ಮನೆಯವರು ಕೂಡಿ ಒಂದು ಅರ್ಜಿ ಕೊಟ್ಟರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಇದಕ್ಕೆ ಮುನ್ನ ಮಾಡತಕ್ಕ ಒಂದು ಸುಲಭವಾದ ಕೆಲಸವಿದೆ. ಒಂದು ಸಂಜೆ ಇಬ್ಬರು ಮೂವರು ನೆರೆಯವರು ಅಳತೆಯ ಟೇಪು ಹಿಡಿದು ತಮ್ಮ ಬೀದಿಯ ಅಗಲವನ್ನೂ ಗಾಡಿಗಳ ನಡುವೆ ಉಳಿದ ದಾರಿಯನ್ನೂ ಅಳೆಯಲಿ. ಶಾಲೆ ಬಿಡುವ ಹೊತ್ತಿನಲ್ಲಿ ಕಾಲು ಗಂಟೆ ನಿಂತು, ಎಷ್ಟು ಮಕ್ಕಳು ಕಾಲುದಾರಿಯಲ್ಲಿ ನಡೆದರು, ಎಷ್ಟು ಮಂದಿ ನಡುಬೀದಿಗೆ ಇಳಿದರು ಎಂದು ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಲಿ. ಬೀದಿಯ ಸಭೆಯಲ್ಲಿ ಆ ಚೀಟಿಯನ್ನು ಓದಿದ ಮೇಲೆ, ಯಾರ ಕಾರು ಎಲ್ಲಿ ನಿಲ್ಲಬೇಕೆಂಬ ಚರ್ಚೆಯು ಈಗ ನಡೆಯುವುದಕ್ಕಿಂತ ಮೆಲುದನಿಯಲ್ಲಿ ನಡೆಯುವುದೆಂದು ನಾವು ನಂಬುತ್ತೇವೆ.